ಬೋರ್ಡಿನಲ್ಲಿ ಇಲ್ಲದ ಸಾಲು

"ಈ ಮಗೂನ ಬಿಡಕ್ಕಾಗಲ್ಲ ಅಜ್ಜಿ, ರೂಲ್ಸ್ ಐತೆ" ಎಂದ ಅಭಿಷೇಕ್. ಆಟದ ಸ್ವಿಚ್ಚು ನೋಡಿಕೊಳ್ಳುವ ಹುಡುಗ ಅವನು. ಒಂದು ಕೈಯನ್ನು ಕಬ್ಬಿಣದ ಗೇಟಿಗೆ ಅಡ್ಡ ಇಟ್ಟುಕೊಂಡೇ ಪಕ್ಕದ ಬೋರ್ಡಿನ ಕಡೆ ಗದ್ದ ಎತ್ತಿ ತೋರಿಸಿದ.

ಚನ್ನರಾಯಪಟ್ಟಣದ ಆಚೆ, ಹೈವೇ ಬದಿಯ ಪಾರ್ಕು ಅದು. ಹಾಸನದ ವಿಶೇಷ ಮಕ್ಕಳ ಶಾಲೆಯವರು ಬಸ್ಸು ಮಾಡಿಕೊಂಡು ಬಂದಿದ್ದರು. ಮಗುವಿಗೊಬ್ಬರಂತೆ ಮನೆಯವರೂ ಬರಬೇಕೆಂದು ಹೇಳಿದ್ದರಿಂದ ದುದ್ದದ ಮಾಯಮ್ಮ ಮೊಮ್ಮಗಳು ರಂಜಿನಿಯ ಜೊತೆ ಹೊರಟಿದ್ದಳು. ರಂಜಿನಿಗೆ ಹದಿಮೂರು. ಮಾತು ಒಂದೊಂದಾಗಿ ಬರುತ್ತದೆ, ಬುದ್ಧಿ ತನ್ನ ಪಾಡಿಗೆ ನಿಧಾನಕ್ಕೆ ನಡೆಯುತ್ತದೆ. ಬೆಳಗ್ಗೆಯಿಂದ ಅವಳ ಕಣ್ಣು ಒಂದರ ಮೇಲೇ ನೆಟ್ಟಿತ್ತು. ಎತ್ತರದ ಕಂಬ, ಅದರ ಸುತ್ತ ಸರಪಳಿಯಲ್ಲಿ ನೇತಾಡುವ ಕುರ್ಚಿಗಳು. ಮೇಲಕ್ಕೇರಿ ಗಿರಗಿರ ಸುತ್ತುತ್ತವೆ. ಬೇಲಿ ಹಿಡಿದುಕೊಂಡು ಐದು ಸುತ್ತು ನೋಡಿದಳು. ಆಮೇಲೆ ತಾನೇ ಹೋಗಿ ಸಾಲಿನಲ್ಲಿ ನಿಂತಳು. ಮುಕ್ಕಾಲು ಗಂಟೆ ಕಾದು ಗೇಟು ಮುಟ್ಟಿದಾಗ ಈ ಮಾತು.

"ಬನ್ನಿ ಮಾಯಮ್ಮ, ಪುಟಾಣಿ ರೈಲು ಹತ್ಸೋಣ. ಎಲ್ಲೋದ್ರೂ ಇದೇ ಗೋಳು, ಜಗಳ ಯಾಕೆ?" ಎಂದರು ಟೀಚರ್ ನಾಗಲಕ್ಷ್ಮಿ.

"ಜಗಳ ಎಲ್ಲಾಡ್ದೆ ಮಿಸ್ಸು? ನಂಗೆ ಓದಾಕೆ ಬರಾಕಿಲ್ಲ, ಕೇಳ್ತಾ ಇವ್ನಿ ಅಷ್ಟೇಯ." ಮಾಯಮ್ಮ ಹುಡುಗನ ಕಡೆ ತಿರುಗಿದಳು. "ಅದ್ರಾಗೇನ್ ಬರ್ದೈತೆ ವಸಿ ಓದಪ್ಪ."

"ಅಷ್ಟೂ ಓದ್ತಾ ಕೂತ್ರೆ ಆಯ್ತು! ಹಿಂದೆ ಜನ ಕಾಯ್ತಾವ್ರೆ."

"ಓದಿ ಮುಗ್ಸಯ್ಯ, ನಿಮ್ಮಿಬ್ರ ಪಂಚಾಯ್ತಿ ಬೇಗ ತೀರ್ಲಿ!" ಎಂದಿತು ಸಾಲಿನ ಒಂದು ಗಂಡುದನಿ.

ಅಭಿಷೇಕ್ ಒಲ್ಲದ ಮನಸ್ಸಿನಿಂದ ಓದಿದ. "ನಾಲ್ಕು ಅಡಿಗಿಂತ ಕಡಿಮೆ ಎತ್ತರದವರಿಗೆ ಪ್ರವೇಶವಿಲ್ಲ."

ಮಾಯಮ್ಮ ಮೊಮ್ಮಗಳನ್ನು ಅಳತೆಯ ಗೆರೆಗೆ ನಿಲ್ಲಿಸಿದಳು. ತಲೆ ನಾಲ್ಕು ಬೆರಳು ಮೇಲೇ ಇತ್ತು. "ಮುಂದುಕ್ಕೆ."

"ಗರ್ಭಿಣಿಯರು."

ಯಾರೋ ಕಿಸಕ್ಕೆಂದರು. "ಮುಂದುಕ್ಕೆ."

"ಹೃದಯದ ಕಾಯಿಲೆ ಇರುವವರು."

"ಓದ್ ತಿಂಗ್ಳು ದೊಡ್ಡಾಸ್ಪತ್ರೆ ಡಾಕ್ಟ್ರು ನೋಡಿ, ಗುಂಡ್ಗೆ ಗಟ್ಟಿ ಐತೆ ಅಂದವ್ರೆ. ಮಿಸ್ಸುನ್ನೇ ಕೇಳು." ನಾಗಲಕ್ಷ್ಮಿ ಹೌದೆಂದು ತಲೆಯಾಡಿಸಿದರು.

"ಮದ್ಯ ಸೇವಿಸಿದವರು." ಸಾಲಿನಲ್ಲಿದ್ದ ಒಬ್ಬಾತ ಮೆಲ್ಲಗೆ ಆಚೆ ಜರುಗಿದ. "ಅರವತ್ತು ವರ್ಷ ದಾಟಿದವರು."

"ಅದು ನಂಗೆ. ಒಪ್ಕಂಡೆ, ನಾನ್ ಕುರ್ಚಿ ಅತ್ತಾಕಿಲ್ಲ. ಮುಂದುಕ್ಕೆ."

"ಮುಗೀತು."

ಮಾಯಮ್ಮ ತನ್ನ ತೋರುಬೆರಳನ್ನು ಅವನ ಮುಂದೆ ಚಾಚಿದಳು. "ಇವಳ್ನ ಬಿಡಬ್ಯಾಡ ಅಂತ ಬರ್ದಿರೋ ಸಾಲು ಯಾವ್ದು ಮಗ? ನನ್ ಬೆರಳಿಡ್ಕಂಡು ಅದ್ರ ಮ್ಯಾಲಿಡು."

ಅಭಿಷೇಕ್ ಬೆರಳು ಹಿಡಿಯಲಿಲ್ಲ. "ಅದ್ನ ಬರ್ದಿಲ್ಲ ಅಜ್ಜಿ. ಅಂಥದ್ನೆಲ್ಲ ಬರ್ಯಕ್ಕಾಗಲ್ಲ. ಎಲ್ರಿಗೂ ಗೊತ್ತಿರುತ್ತೆ."

ಮಾಯಮ್ಮನಿಗೆ ಎಂಟು ವರ್ಷವಿದ್ದಾಗ ಅಪ್ಪನ ಜೊತೆ ಟೀ ಅಂಗಡಿಗೆ ಹೋದರೆ, ಅವರ ಕೇರಿಯವರ ಲೋಟ ಹೊರಗೆ ಸೂರಿನ ಸಂದಿಯಲ್ಲಿರುತ್ತಿತ್ತು. ಅಪ್ಪನೇ ತೆಗೆದು, ಕುಡಿದು, ತೊಳೆದು, ಅಲ್ಲೇ ಸಿಗಿಸಬೇಕು. ಆ ಅಂಗಡಿಯಲ್ಲೂ ಬೋರ್ಡು ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

"ಬರೀದೆ ಇರೋ ರೂಲ್ಸ್ನ ನಾನ್ ಬಾಳ ಕಂಡಿವ್ನಿ ಕಣಪ್ಪ" ಎಂದಳು. ದನಿ ಏರಲಿಲ್ಲ. "ಬರ್ದಿರಾದು ತೋರ್ಸು, ತಲೆ ಬಗ್ಗಿಸ್ಕಂಡು ಓಯ್ತೀನಿ. ಇಲ್ದಿದ್ರೆ ಇಲ್ಲೇ ನಿಂತಿರ್ತೀನಿ. ನಂಗೇನೂ ಅವಸರ ಇಲ್ಲ."

"ಮೇಲೋಗಿ ಎದ್ರುಕಂಡು ಕಿರುಚಿದ್ರೆ ನನ್ ಕೆಲ್ಸ ಓಯ್ತದೆ ಅಜ್ಜಿ!"

"ಈಗ ಇಳ್ದೋದ್ರಲ್ಲ, ಅವ್ರೆಲ್ಲ ಮ್ಯಾಲೋಗಿ ಭಜನೆ ಮಾಡ್ತಿದ್ರಾ?"

ಸಾಲಿಗೆ ಸಾಲೇ ಗೊಳ್ಳೆಂದಿತು. "ಬಿಡಣ್ಣೋ, ಅಜ್ಜಿ ಗೆದ್ದಾಯ್ತು!" ಎಂದಳು ಕಾಲೇಜು ಹುಡುಗಿಯೊಬ್ಬಳು. ಅಭಿಷೇಕನಿಗೂ ನಗು ತಡೆಯಲಾಗಲಿಲ್ಲ. ಗೇಟಿನ ಮೇಲಿದ್ದ ಕೈ ಕೆಳಗಿಳಿಯಿತು.

ರಂಜಿನಿ ನೆಟ್ಟಗೆ ನಡೆದುಹೋಗಿ ಕುರ್ಚಿ ಹತ್ತಿದಳು. ಬೆಲ್ಟು ಹಾಕಿದಳು, ಅಡ್ಡ ಸರಳನ್ನು ಹೊಟ್ಟೆಗೆ ಎಳೆದುಕೊಂಡು ಎರಡು ಸಲ ಅಲ್ಲಾಡಿಸಿ ನೋಡಿದಳು, ಹೆಬ್ಬೆರಳು ಎತ್ತಿದಳು. ಐದು ಸುತ್ತಿನಲ್ಲಿ ಕಂಡದ್ದೊಂದನ್ನೂ ಬಿಡಲಿಲ್ಲ. ಪರೀಕ್ಷಿಸಲು ಬಂದ ಅಭಿಷೇಕನಿಗೆ ಅಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಪಕ್ಕದ ಕುರ್ಚಿಯ ಮೀಸೆಯವನು ಫೋನು ನೋಡುತ್ತಾ ಕೂತಿದ್ದ. "ಬೆಲ್ಟು!" ಎಂದು ರಂಜಿನಿ ಗದರಿದಳು. ಅವನು ಗಡಬಡಿಸಿ ಹಾಕಿಕೊಂಡ.

ಕುರ್ಚಿಗಳು ಎದ್ದವು. ಹದಿಮೂರು ವರ್ಷ ಕೈಗೆಟುಕುವ ದೂರದಲ್ಲೇ ಇದ್ದ ಕೂಸು ತೆಂಗಿನ ಮರದೆತ್ತರಕ್ಕೆ, ಅದಕ್ಕೂ ಮೇಲಕ್ಕೆ ಹೋಯಿತು. ಮಾಯಮ್ಮ ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಲೆ ಮೇಲಿನ ಸೆರಗು ಜಾರಿದ್ದು ಅವಳಿಗೆ ತಿಳಿಯಲಿಲ್ಲ. ಮೇಲೆ ಎಲ್ಲರೂ ಕಿರುಚುತ್ತಿದ್ದರು. ಆ ಗದ್ದಲದೊಳಗೆ ಒಂದು ದನಿ ಮಾತ್ರ ನಗುತ್ತಿತ್ತು, ಉಕ್ಕಿ ಉಕ್ಕಿ, ಉಸಿರು ಸಿಕ್ಕದ ಹಾಗೆ. ಆ ನಗು ಯಾರದೆಂದು ಮಾಯಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ. ನಾಗಲಕ್ಷ್ಮಿ ಮಿಸ್ಸು ಅಷ್ಟರಲ್ಲಿ, ರೈಲಿನ ಹತ್ತಿರ ಬಿಟ್ಟು ಬಂದಿದ್ದ ಉಳಿದ ಮಕ್ಕಳನ್ನೂ ಈ ಸಾಲಿಗೆ ಕರೆತರಲು ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದರು.

ಆಟ ನಿಂತಿತು. ಮೀಸೆಯವನು ಕಂಬ ಹಿಡಿದು ಹಾಗೇ ಕುಕ್ಕರಿಸಿದ. ರಂಜಿನಿ ಕೆದರಿದ ಕೂದಲಲ್ಲಿ, ಕೆಂಪೇರಿದ ಮುಖದಲ್ಲಿ ನೆಟ್ಟಗೆ ಬಂದಳು. ಅಭಿಷೇಕನೇ ಗೇಟು ತೆಗೆದು, "ಎಂಗಿತ್ತು ಪುಟ್ಟಿ, ಮ್ಯಾಲೆ?" ಎಂದ.

ಅವಳು ಮಾತು ಕೂಡಿಸಿಕೊಳ್ಳತೊಡಗಿದಳು. ಸಾಲು ಪೂರ್ತಿ ಕಾದು ನಿಂತಿತು. ರಂಜಿನಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ರಾಗಿಕಾಳು ಹಿಡಿಸುವಷ್ಟು ಸಂದು ಬಿಟ್ಟು, ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಅಜ್ಜಿ... ಮಿಸ್ಸು... ಈ ಅಣ್ಣ... ಎಲ್ರೂ... ಇಷ್ಟೇ ಇಷ್ಟ್ ಇದ್ರಿ."