ಏಳು ಸೆಕೆಂಡು

ಮೊಬೈಲಿನಲ್ಲಿ ಮಲಕಪ್ಪನ ಕಣ್ಣು ಮುಚ್ಚಿದ್ದವು. ಕೈ ಸ್ಟೀರಿಂಗ್ ಮೇಲಿತ್ತು, ಬಾಯಿ ತುಸು ತೆರೆದಿತ್ತು, ಲಾರಿ ಮಾತ್ರ ಓಡುತ್ತಲೇ ಇತ್ತು. ರಾತ್ರಿ ಸಂಭಾಜಿನಗರದಿಂದ ಬರುವಾಗ ಕ್ಯಾಬಿನ್ನಿನ ಕ್ಯಾಮೆರಾ ಹಿಡಿದ ಏಳು ಸೆಕೆಂಡು. ಬೆಳಿಗ್ಗೆ ಸಾತಪುರದ ಲಾರಿ ಕಂಪನಿಯ ಆಫೀಸಿನಲ್ಲಿ ಮ್ಯಾನೇಜರ್ ಅದನ್ನು ಎಲ್ಲ ಡ್ರೈವರುಗಳೆದುರು ಮತ್ತೊಮ್ಮೆ ಓಡಿಸಿ, "ಹೇ ಕಾಯ್, ಮಲಕಪ್ಪಾ?" ಎಂದು ಮರಾಠಿಯಲ್ಲೇ ಇದೇನೆಂದು ಕೇಳಿದ.

"ನಿದ್ದಿ ಅಲ್ಲ ಸಾಹೇಬ್, ಕಣ್ಣಾಗ ಧೂಳ ಬಿದ್ದಿತ್ತು."

ಅಂದ ಮೇಲೆಯೇ ನೆನಪಾಯಿತು. ಹೋದ ತಿಂಗಳು ಇದೇ ಜಾಗದಲ್ಲಿ, ಇಂಥದೇ ವಿಡಿಯೋ ಎದುರು ನಿಂತು, ಆಗ ಡ್ರೈವರನಾಗಿದ್ದ ಸಂಗಮೇಶ ಹೇಳಿದ್ದೂ ಇದೇ ಮಾತು. ಆಗ ಎಲ್ಲರಿಗಿಂತ ಜೋರಾಗಿ ನಕ್ಕವನು ಮಲಕಪ್ಪ. "ಇಪ್ಪತ್ತೆರಡು ವರ್ಷ ರಾತ್ರಿ ಗಾಡಿ ಹೊಡದೀನಿ, ಒಂದ್ ಸಲಾನೂ ಕಣ್ಣ ಮುಚ್ಚಿಲ್ಲ. ನೀ ಗೇಟ್ ಕಾಯಾಕ ಲಾಯಕ್ಕ ನೋಡು" ಎಂದು ಎಲ್ಲರೆದುರು ಅಂದಿದ್ದ. ಮ್ಯಾನೇಜರ್ ಹಾಗೆಯೇ ಮಾಡಿದ. ಅಂದಿನಿಂದ ಸಂಗಮೇಶ ಗೇಟಿನಲ್ಲಿದ್ದಾನೆ.

ಬೆನ್ನ ಹಿಂದೆ ಡ್ರೈವರುಗಳು ಕಿಸಕ್ಕನೆ ನಕ್ಕರು. ತಲೆ ತಗ್ಗಿಸಿ ಹೊರಬಿದ್ದವನಿಗೆ ದಾಟಲು ಇದ್ದದ್ದು ಅದೊಂದೇ ಗೇಟು. ಗೇಟಿನ ಕೋಣೆಯ ಕಿಟಕಿಯಲ್ಲಿ ಕೂತ ಸಂಗಮೇಶ ಎಲ್ಲವನ್ನೂ ಕೇಳಿಸಿಕೊಂಡಿರಲೇಬೇಕು. ಅವನು ಏನಾದರೂ ಅಂದರೆ ತಿರುಗಿಸಿ ಅನ್ನಲು ಒಂದು ಬೈಗುಳವನ್ನು ಮಲಕಪ್ಪ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ನಡೆದ. ಸಂಗಮೇಶ ಒಂದು ಚೊಂಬು ನೀರು ತಂದು ಅವನ ಮುಂದೆ ಹಿಡಿದ.

"ಮಾರಿ ತೊಳಕೊಳ್ರಿ ಕಾಕಾ. ಆ ರೋಡಿನ್ಯಾಗ ಧೂಳ ಭಾಳ."

ಮಲಕಪ್ಪ ಆ ಮುಖದಲ್ಲಿ ಕುಹಕ ಹುಡುಕಿದ. ಸಿಗಲಿಲ್ಲ. ಬೊಗಸೆಯಲ್ಲಿ ನೀರು ತುಂಬಿ ಮುಖಕ್ಕೆ ಒತ್ತಿಕೊಂಡವನು, ನೀರೆಲ್ಲ ಸೋರಿಹೋದ ಮೇಲೂ ಕೈ ತೆಗೆಯಲಿಲ್ಲ.