ಬೋಂಡಾ ಕಚ್ಚಿದ್ದು ಎಡಗಾಲಿನ ಶೂ ಮಾತ್ರ

ಪೂರ್ತಿ ಓದ್ರಪ್ಪಾ... ಅರ್ಧಕ್ಕೇ ಎದ್ದೋದ್ರೆ ಮುಂದಿನ ಮದುವೆ ಮನೇಲಿ ನಿಮ್ ಚಪ್ಪಲಿ ಕಾಣೆಯಾಗ್ಲಿ!

ಮಂಡ್ಯದ ಪೇಟೆ ಬೀದೀಲಿ ಮರಿಲಿಂಗಣ್ಣ ಅಂತ ಒಬ್ಬ ಯಜಮಾನ. ದೊಡ್ಡ ಚಪ್ಪಲಿ ಅಂಗಡಿ.

ಮುಖಕ್ಕಿಂತ ಮುಂಚೆ ಹೊಟ್ಟೆ ಎಂಟ್ರಿ ಕೊಡೋದು... ಅದರ ಕೆಳಗೆ ಪಳಪಳ ಅನ್ನೋ ಚೂಪು ಮೂತಿ ಶೂ.

ಶೂ ಬಿಗಿ ಅಂತ ಗಿರಾಕಿ ಮುಖ ಕಿವುಚಿದ್ರೆ ಅಣ್ಣಂದು ಒಂದೇ ಡೈಲಾಗು... "ಹೊಸಾದ್ರಲ್ಲಿ ಹಂಗೇ ಸಾರ್... ಹಾಕ್ತಾ ಹಾಕ್ತಾ ಕಾಲಿಗೆ ಸೆಟ್ ಆಯ್ತದೆ."

ಹೇಳೀ ಹೇಳೀ ಆ ಡೈಲಾಗನ್ನ ತಾನೇ ನಂಬಿಬಿಟ್ಟಿದ್ದ.

ಡಾಕ್ಟ್ರು ಶುಗರ್ ಇದೆ ಅಂದಿದ್ರು. "ಸಿಹಿ ಮನುಷ್ಯನಿಗೆ ಶುಗರ್ ಇರ್ದೆ ಉಪ್ಪು ಇರ್ತದಾ?" ಅಂತ ನಕ್ಕೊಂಡು ಮೈಸೂರ್ ಪಾಕ್ ಬಾಯಿಗೆ ಹಾಕ್ಕಂಡಿದ್ದ.

ಈಗ ವಿಲನ್ ಎಂಟ್ರಿ... ಬೋಂಡಾ!

ಹೆಂಡ್ತಿ ಜಯಶೀಲ ಬೀದೀಲಿ ಸಿಕ್ಕಿದ ಮರೀನ ಸೆರಗಲ್ಲಿ ಸುತ್ಕೊಂಡ್ ಬಂದು ಸಾಕಿದ ನಾಯಿ. ಗುಂಡಗಿತ್ತು, ಅದಕ್ಕೇ ಬೋಂಡಾ. ಮಕ್ಕಳಿಲ್ಲದ ಆಯಮ್ಮಂಗೆ ಅದೇ ಮಗ.

ಬಾಗಿಲಲ್ಲಿ ಮನೆಯವರ, ನೆಂಟರ ಚಪ್ಪಲಿ ಎಷ್ಟೇ ಬಿದ್ದಿರ್ಲಿ, ಬೋಂಡಾ ಮೂಸೂ ನೋಡ್ತಿರ್ಲಿಲ್ಲ. ಅಂಥಾ ನಾಯಿ ಇದ್ದಕ್ಕಿದ್ದಂಗೆ ಅಣ್ಣನ ಶೂ ಹರಿಯೋಕೆ ಶುರು ಮಾಡ್ತು.

ಅದೂ ಎಡಗಾಲಿಂದು ಮಾತ್ರ!

ಒಂದು ಹೋಯ್ತು ಅಂತ ಇನ್ನೊಂದು ಜೊತೆ ತಂದ. ಅದರದ್ದೂ ಎಡಗಾಲೇ ಢಮಾರ್. ಮತ್ತೊಂದು... ಅದೂ ಅಷ್ಟೇ. ಮನೆ ಮೂಲೇಲಿ ಜೊತೆ ಇಲ್ಲದ ಬಲಗಾಲಿನ ಶೂ ರಾಶಿ ಬಿತ್ತು.

ಎದುರುಗಡೆ ಬಳೆ ಅಂಗಡಿ ಶಾಂತಣ್ಣ ಬಿಡ್ತಾನಾ? "ಲೋ ಮರಿಲಿಂಗಾ, ಬಲಗಾಲ್ ಒಂದೇ ಇರೋ ಗಿರಾಕಿ ಸಿಕ್ಕಿದ್ರೆ ಕಳಿಸ್ಕೊಡ್ತೀನಿ ಕಣ್ಲಾ!"

ಇಡೀ ಬೀದಿ ನಕ್ತು. ಅಣ್ಣನಿಗೆ ಉರಿದೋಯ್ತು.

"ಏನ್ಲಾ ಬೋಂಡಾ... ಈ ಮರಿಲಿಂಗ ಸುಮ್ನಿದ್ರೆ ಹಾಲು, ಉಕ್ಕಿದ್ರೆ ಒಲೇನೇ ಉಳಿಯಲ್ಲ! ಇನ್ನೊಂದ್ಸಲ ನನ್ ಶೂ ಮುಟ್ಟು... ಊರಾಚೆ ಬಿಟ್ಟು ಬರ್ತೀನಿ. ನಿನ್ ತಾಯಿ ಮೇಲಾಣೆ!"

"ಅದರಮ್ಮ ನಾನು ಕಣ್ರೀ," ಅಂದ್ಲು ಜಯಶೀಲ. "ಅದು ಹೋದ್ರೆ ನಾನೂ ಹಿಂದೇನೇ ಹೋಯ್ತೀನಿ."

"ಬ್ಯಾಗ್ ಪ್ಯಾಕ್ ಮಾಡ್ಕೋ ಹಂಗಾದ್ರೆ!"

ಅಣ್ಣನ ತಂಗಿ ಮಗಳ ನಿಶ್ಚಿತಾರ್ಥ ಬಂತು. ಸೋದರಮಾವ ಅಂದ್ಮೇಲೆ ಮುಂದೆ ಕೂರ್ಬೇಕು... ಹೊಸ ಶೂ ಬೇಡ್ವಾ?

ಬೆಳಿಗ್ಗೆ ಅಣ್ಣ ಅಡುಗೆಮನೆಗೆ ನುಗ್ಗಿ ಖಾರದ ಪುಡಿ ಡಬ್ಬ ಎತ್ಕೊಂಡ. ನೀರಲ್ಲಿ ಕಲಸಿ, ಎಡಗಾಲಿನ ಶೂ ಮೇಲೆಲ್ಲಾ ಬಳಿದ... ಕೇಕಿಗೆ ಕ್ರೀಮ್ ಹಚ್ಚೋ ಪ್ರೀತೀಲಿ!

"ಬಾ ಮಗನೆ... ಇವತ್ತು ನಿನ್ ಲಾಸ್ಟ್ ಶೋ."

ಪಂಚೆ ಉಟ್ಟು, ಸಾಕ್ಸ್ ಏರಿಸಿ, ಶೂ ಹಾಕ್ಕೊಂಡು ಜಗಲಿ ಮೇಲೆ ಕೂತ. ಪಕ್ಕದಲ್ಲಿ ಕೋಲು. ಹೊರಗೆ ಕಾರಲ್ಲಿ ನೆಂಟರು ಹಾರ್ನ್ ಮೇಲೆ ಹಾರ್ನ್.

ಬೋಂಡಾ ಬಂತು. ನೇರ ಎಡಗಾಲಿಗೆ.

ಒಂದು ಸಲ ಬಾಯಿ ಹಾಕ್ತು... "ಕುಂಯ್" ಅಂತ ಹಿಂದಕ್ಕೆ ಹಾರ್ತು. ಮೂತಿ ನೆಲಕ್ಕೆ ಉಜ್ಜಿಕೊಳ್ತು. ಅಣ್ಣ ತೊಡೆ ತಟ್ಟಿ ನಕ್ಕ.

"ಹೆಂಗೈತೆ ಊಟ?!"

ಆದ್ರೆ ಬೋಂಡಾ ಓಡಿಹೋಗ್ಲಿಲ್ಲ... ವಾಪಸ್ ಬಂತು.

ಕಣ್ಣಲ್ಲಿ ನೀರು ಧಾರಾಕಾರ... ಬಾಯಲ್ಲಿ ಜೊಲ್ಲು, ನೊರೆ... ಆದ್ರೂ ಮತ್ತೆ ಅದೇ ಶೂಗೆ ಹಲ್ಲು ಹಾಕ್ತು. ಕೋಲಿನ ಏಟು ಬೆನ್ನ ಮೇಲೆ ಬಿತ್ತು. ಬಿಡ್ಲಿಲ್ಲ. ಇನ್ನೊಂದು ಏಟು. ಬಿಡ್ಲಿಲ್ಲ.

ಒಳಗಿಂದ ಓಡಿ ಬಂದ ಜಯಶೀಲ ಕೋಲು ಕಿತ್ಕೊಂಡ್ಲು. ಅಷ್ಟರಲ್ಲಿ ಬೋಂಡಾ ಜೋರಾಗಿ ಎಳೀತು... ಶೂ ಜೊತೆಗೆ ಸಾಕ್ಸೂ ಕಿತ್ಕೊಂಡು ಬಂತು.

ಗಬ್ಬು ನಾತ.

ಜಯಶೀಲ ಬಗ್ಗಿ ನೋಡಿದ್ಲು... ಸೆರಗು ಬಾಯಿಗೆ ಹೋಯ್ತು.

ಕಿರುಬೆರಳ ಕೆಳಗೆ ಅಂಗಾಲು ಕಪ್ಪಗೆ ಕೊಳೆತಿತ್ತು. ಕೀವು ಸೋರ್ತಿತ್ತು.

"ರೀ... ನೋವಾಗ್ಲಿಲ್ವೇನ್ರೀ?"

"ಇಲ್ವಲ್ಲೇ..." ಅಣ್ಣ ಬಗ್ಗಿ ನೋಡೋಕೆ ಹೋದ. ಆ ಹೊಟ್ಟೆ ಅಡ್ಡ ಬಂದು ಅಣ್ಣನ ಪಾದದ ದರ್ಶನ ಅಣ್ಣನಿಗೇ ಆಗಿ ಎಷ್ಟೋ ಕಾಲ ಆಗಿತ್ತು.

ನಿಶ್ಚಿತಾರ್ಥಕ್ಕೆ ಹೊರಟ ಕಾರು ಆಸ್ಪತ್ರೆಗೆ ತಿರುಗ್ತು.

ಡಾಕ್ಟ್ರು ಬೈದೇ ಶುರು ಮಾಡಿದ್ರು. "ಶುಗರ್ ಜಾಸ್ತಿಯಾಗಿ ಕಾಲಿನ ಸ್ಪರ್ಶವೇ ಹೋಗಿದೆ. ಈ ಬಿಗಿ ಶೂ ಉಜ್ಜಿ ಉಜ್ಜಿ ಗಾಯ ಮಾಡಿದೆ. ಬೆರಳು ಉಳಿಯಲ್ಲ, ತೆಗೀಬೇಕು. ಇನ್ನೂ ತಡ ಆಗಿದ್ರೆ ಮಂಡಿ ತನಕ ಎಡಗಾಲೇ ತೆಗೀಬೇಕಿತ್ತು... ಇಷ್ಟು ದಿನ ಯಾರೂ ನೋಡ್ಲೇ ಇಲ್ವೇನ್ರಿ?"

ನೋಡಿದ್ದು ಒಂದು ಜೀವ. ಅದಕ್ಕೆ ಇವನು ಖಾರದ ಪುಡಿ ತಿನ್ನಿಸಿದ್ದ.

ಅಣ್ಣನ ಕಣ್ಮುಂದೆ ಮನೆ ಮೂಲೇಲಿದ್ದ ಆ ರಾಶಿ ಬಂತು... ಎಲ್ಲಾ ಬಲಗಾಲಿನ ಶೂಗಳು. ಶಾಂತಣ್ಣ ಹೇಳಿದ ಗಿರಾಕಿ ಬೇರೆ ಯಾರೂ ಅಲ್ಲ... ಇವನೇ ಆಗ್ತಿದ್ದ.

ಬೆರಳು ಹೋಯ್ತು. ಕಾಲು ಉಳೀತು.

ಮನೆಗೆ ಬಂದ ದಿನ ಜಯಶೀಲ ದೊಡ್ಡ ಲೋಟದಲ್ಲಿ ಹಾಗಲಕಾಯಿ ಜ್ಯೂಸ್ ತಂದಿಟ್ಲು. "ನನ್ ಮಗಂಗೆ ಖಾರ ತಿನ್ನಿಸಿದ್ರಲ್ಲ? ಕುಡೀರಿ! ದಿನಾ ಕುಡೀರಿ! ಕುಡೀತಾ ಕುಡೀತಾ ನಾಲಿಗೆಗೆ ಸೆಟ್ ಆಯ್ತದೆ!"

ಅಣ್ಣ ಲೋಟ ಎತ್ಕೊಂಡ. ಗಟಗಟ ಕುಡಿದ.

ಆಮೇಲೆ ಅಂಗಡೀಲಿರೋ ಎಲ್ಲಕ್ಕಿಂತ ಒಳ್ಳೇ ಜೊತೆ ತರಿಸಿದ. ಎಡಗಾಲಿನ ಶೂ ತೆಗೆದು ಬೋಂಡಾ ಮುಂದೆ ಇಟ್ಟ.

"ತಗೋ ಮಗನೆ... ಸೇಡು ತೀರಿಸ್ಕೋ. ಹರಿದಾಕು. ನಿನ್ನ ಯಾರೂ ಕೇಳಲ್ಲ."

ಬೋಂಡಾ ಶೂನ ಒಂದ್ಸಲ ಮೂಸಿ ನೋಡ್ತು.

ದಾಟಿಕೊಂಡು ಬಂತು.

ಬ್ಯಾಂಡೇಜ್ ಸುತ್ತಿದ ಕಾಲು ಮೂಸ್ತು... ನಿಧಾನವಾಗಿ ಬಾಲ ಅಲ್ಲಾಡಿಸ್ತು... ಅದರ ಪಕ್ಕ ಗಲ್ಲ ಊರಿ ಕಣ್ಣು ಮುಚ್ಚಿ ಮಲಗ್ತು.

ಅದಕ್ಕೆ ಶೂ ಮೇಲೆ ಯಾವತ್ತೂ ಸೇಡಿರ್ಲೇ ಇಲ್ಲ.

ಬೀದಿಯೆಲ್ಲಾ ಗುಡುಗ್ತಿದ್ದ ಮನುಷ್ಯ ಅವತ್ತು ನಾಯಿ ಬೆನ್ನಿನ ಬಾಸುಂಡೆ ಸವರ್ತಾ ಮಗು ಥರ ಅತ್ತ...

*

ಮಾತು ಬಾರದ ಜೀವ ಒಂದೇ ಜಾಗಾನ ಮತ್ತೆ ಮತ್ತೆ ತೋರಿಸ್ತಿದ್ರೆ, ಕೋಲು ಎತ್ಕೊಳ್ಳೋ ಮುಂಚೆ ಆ ಜಾಗ ಒಂದ್ಸಲ ನೋಡಿ.

ಈಗ ಎದೆ ಮುಟ್ಕೊಂಡು ಹೇಳಿ... ನಿಮ್ಮನೆ ನಾಯಿ ಏನೋ ಹೇಳೋಕೆ ಬಂದಾಗ ನೀವು "ಹಚಾ" ಅಂದಿದ್ದು ಯಾವಾಗ?