ಎಂಜಲಿಲ್ಲದ ಮಸಾತೊ

ಜಾಡಿಯಲ್ಲಿದ್ದ ಮಸಾತೊದ ಮಟ್ಟ ನಿನ್ನೆಗಿಂತ ಎರಡು ಬೆರಳು ಇಳಿದಿತ್ತು. ವಿಜ್ಞಾನಿ ಫಿಯೊರೆಲಾ ಬಗ್ಗಿ ಮತ್ತೆ ನೋಡಿದಳು. ಯಾರೋ ಕೈ ಹಾಕಿದ್ದಾರೆ.

ಪ್ರಯೋಗಾಲಯದ ಕೀಲಿಕೈ ಇದ್ದದ್ದು ಇಬ್ಬರಲ್ಲಿ. ಒಂದು ಅವಳದು, ಇನ್ನೊಂದು ಕಸ ಗುಡಿಸುವ ಮುದುಕಿ ಎದುವಿನಾಳದು.

ವಿಜ್ಞಾನಿಗಳು ಕಂಡುಹಿಡಿದದ್ದನ್ನು ಕಂಪನಿಗಳಿಗೆ ದಾಟಿಸಲೆಂದು ಪೆರುವಿನ ಮಾಯೊ ನದಿಯ ದಂಡೆಯಲ್ಲಿ ಸರ್ಕಾರ ಕಟ್ಟಿಸಿದ ಕೇಂದ್ರ ಅದು. ಐದು ವರ್ಷವಾದರೂ ಏನೂ ದಾಟಿರಲಿಲ್ಲ. ಇಂದು ಕಂಪನಿಯೊಂದರ ಸಹಿ ಒಪ್ಪಂದಕ್ಕೆ ಬೀಳದಿದ್ದರೆ ಬಾಗಿಲಿಗೆ ಬೀಗ.

ಇಲ್ಲಿಯ ಹೆಂಗಸರು ಬೇಯಿಸಿದ ಮರಗೆಣಸನ್ನು ಅಗಿದು ಉಗಿದು, ಹುಳಿ ಬರಿಸಿ ಮಸಾತೊ ಎಂಬ ಪಾನೀಯ ಮಾಡುತ್ತಾರೆ. ಫಿಯೊರೆಲಾ ತನ್ನದೇ ಹೆಪ್ಪು ಹಾಕಿ ಮಾಡುವ ಮಸಾತೊಗೆ ಯಾರ ಬಾಯಿಯೂ ಬೇಡ. ಲೀಮಾದ ಕಂಪನಿ ಕೇಳಿದ್ದೂ ಅದನ್ನೇ: ಎಂಜಲಿಲ್ಲದ ಮಸಾತೊ, ಬಾಟಲಿಯಲ್ಲಿ. ಹೋದ ಸಲ ಕಂಪನಿಯ ಬುಸ್ತಿನ್ಸಾ ಒಂದೇ ಗುಟುಕು ಕುಡಿದು, ಮುಖ ಸಿಂಡರಿಸಿ ಲೋಟ ಕೆಳಗಿಟ್ಟಿದ್ದ.

ಹಿಂಬಾಗಿಲಲ್ಲೇ ಎದುವಿನಾ ಸಿಕ್ಕಿಬಿದ್ದಳು. ಒಂದು ಕೈಯಲ್ಲಿ ಮುಚ್ಚಿದ ಬಕೆಟ್. ಇನ್ನೊಂದು ಕೈ ದವಡೆಯ ಮೇಲೆ. ಎರಡು ದಿನದಿಂದ ನೋವಂತೆ.

"ಏನದು?"

"ಹಂದಿಗೆ ಹಾಕೋದು, ಡಾಕ್ಟ್ರಮ್ಮ."

"ನನ್ನ ಮಸಾತೊ ಯಾರಿಗೆ ಮಾರ್ತಿದೀಯ?"

"ಅದನ್ಯಾರು ಕೊಂಡ್ಕೋತಾರೆ?"

ಹೊರಗೆ ಕಾರು ನಿಂತ ಸದ್ದು. ಫಿಯೊರೆಲಾ ಬಕೆಟ್ ಕಿತ್ತುಕೊಂಡು ಮೇಜಿನಡಿ ತಳ್ಳಿದಳು. "ಸಹಿ ಆಗ್ಲಿ. ಆಮೇಲೆ ನಿನ್ನ ವಿಚಾರಿಸ್ಕೋತೀನಿ."

ಬುಸ್ತಿನ್ಸಾ ಒಳಗೆ ಬಂದು, ಅವಳು ಜಾಡಿಯಿಂದ ಬಗ್ಗಿಸಿ ಕೊಟ್ಟದ್ದನ್ನು ಕುಡಿದ. ತುಟಿ ಒರೆಸಿಕೊಂಡು ಇನ್ನೊಂದು ಲೋಟ ಕೇಳಿದ.

"ಹೋದ ಸಲದ್ದು ಸೋಪಿನ ನೀರಿದ್ದಂಗಿತ್ತು. ಇದು ನಮ್ಮಜ್ಜಿ ಮಾಡಿದಂಗೇ ಇದೆ. ಯಾರ ಬಾಯೂ ತಾಕಿಲ್ಲ ತಾನೆ?"

"ದೇವರಾಣೆ ಇಲ್ಲ." ಫಿಯೊರೆಲಾ ತಾನೂ ಒಂದು ಲೋಟ ಗಟಗಟ ಕುಡಿದು ತೋರಿಸಿದಳು. ಅವನು ಸಹಿ ಹಾಕಿದ.

ಕಾರು ಹೋದ ಮೇಲೆ ಮುದುಕಿಯನ್ನು ಕರೆದು ಬಕೆಟ್‌ನ ಮುಚ್ಚಳ ತೆಗೆದಳು. ಸೋಪಿನ ವಾಸನೆ. ಅವಳದೇ ಮಸಾತೊ, ಒಂದು ಹನಿಯೂ ಕಡಿಮೆಯಾಗದೆ.

"ಹಾಗಾದ್ರೆ ಜಾಡೀಲಿ ಇದ್ದದ್ದು?"

"ಬಂದೋರು ಲೋಟ ಕೆಳಗಿಟ್ರೆ ಆ ಮನೆ ಹೆಂಗಸಿಗೆ ಅವಮಾನ, ಡಾಕ್ಟ್ರಮ್ಮ. ಈ ಮನೆ ಗುಡಿಸೋಳು ನಾನಲ್ವಾ? ಹೋದ ಸಲ ನಂಗೆ ತಲೆ ಎತ್ತೋಕಾಗ್ಲಿಲ್ಲ."

ಫಿಯೊರೆಲಾಳಿಗೆ ಆಣೆ ನೆನಪಾಯಿತು, ಕಳ್ಳಿ ಎಂದು ತಿಳಿದದ್ದು ನೆನಪಾಯಿತು. ನಾಚಿಕೆಯಿಂದ ಮುಖ ಸುಟ್ಟಂತಾಗಿ ಅವಳು ಮೊದಲ ಸಲ ಬಹುವಚನ ಬಳಸಿದಳು. "ಕೂತ್ಕೊಳ್ಳಿ."

ಎದುವಿನಾ ಕೂರಲಿಲ್ಲ. ದವಡೆ ಸವರಿಕೊಂಡಳು.

"ಅಷ್ಟು ಗೆಣಸು ಒಬ್ಬಳೇ ಅಗಿಬೇಕಾಯ್ತು. ಎರಡು ಬೆರಳು ಕಮ್ಮಿ ಬಿತ್ತು, ತಪ್ಪು ತಿಳ್ಕೋಬೇಡಿ."